ಬ್ರಾಕ್‌ನ ಕಲ್ಲುಹಾವಿನ ಎದುರು ಯಾರನ್ನು ಇಳಿಸೋಣ? ಮೊದಲ ಪೋಕೆಮಾನ್ ಆರಿಸುವವರಿಗೆ

"ಮಾಮ, ಮೂರರಲ್ಲಿ ಯಾವ್ದು ತಗೊಳ್ಲಿ? ಬೇಗ ಹೇಳು, ಟೇಬಲ್ ಮುಂದೇನೇ ನಿಂತಿದೀನಿ."

ಮಾಲೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದು ಹೀಗೆ. ಹನ್ನೊಂದು ವರ್ಷದ ಹುಡುಗ. ಅವನು ನಿಂತಿದ್ದದ್ದು ಪೋಕೆಮಾನ್ ಆಟದೊಳಗಿನ ಪ್ರೊಫೆಸರ್ ಓಕ್ ಅವರ ಲ್ಯಾಬಿನಲ್ಲಿ, ಮೂರು ಪೋಕೆ ಬಾಲ್‌ಗಳ ಮುಂದೆ. ಪೋಕೆಮಾನ್ ಅಂದರೆ ನಾವು ಹಿಡಿದು ಬೆಳೆಸಿ ಕಾದಾಟಕ್ಕೆ ಇಳಿಸುವ ಪ್ರಾಣಿಗಳು, ಪೋಕೆ ಬಾಲ್ ಅವನ್ನು ಹಿಡಿದಿಡುವ ಚೆಂಡು. ಅದೇ ವಾರ ಬಂಗಾರಪೇಟೆಯ ಗೆಳೆಯನ ಮಗಳು ಇದನ್ನೇ ಕೇಳಿದಳು. ಅವಳು ಪಿಯುಸಿ ಓದುತ್ತಿದ್ದಾಳೆ, ಹಿಡಿದ ಆಟವನ್ನು ಕೊನೆ ಮುಟ್ಟಿಸದೆ ಬಿಡುವವಳಲ್ಲ. ಮೂರನೆಯವರು ನರಸಾಪುರದ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಪಕ್ಕದ ಮನೆಯವರು. ಬಸ್ಸಿನಲ್ಲಿ ಕೂತಾಗ ಸಿಗುವ ಅರ್ಧ ಗಂಟೆಯೇ ಅವರ ಆಟದ ಹೊತ್ತು. ಪ್ರಶ್ನೆ ಮೂವರದೂ ಒಂದೇ ಆದರೂ ಒಬ್ಬರಿಗೆ ಕೊಟ್ಟ ಉತ್ತರವನ್ನು ಇನ್ನೊಬ್ಬರಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಪೋಕೆಮಾನ್ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಬಗ್ಗೆ. ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಲಿ ಹಿಡಿದು ಆಡುವ ಸಾಧನಕ್ಕೆ 2004ರಲ್ಲಿ ಬಂದ ಜೋಡಿ ಆಟಗಳಿವು. ಮುಂದೆ ಫೈರ್‌ರೆಡ್ ಎಂದಷ್ಟೇ ಹೇಳಿದಲ್ಲಿ ಎರಡನ್ನೂ ಸೇರಿಸಿಕೊಳ್ಳಿ. 1996ರಲ್ಲಿ ಜಪಾನಿನಲ್ಲಿ ಮೊದಲು ಬಂದ ಆಟವನ್ನೇ ಹೊಸದಾಗಿ ಕಟ್ಟಿದ್ದು. ಹಳೆಯ ರೆಡ್, ಬ್ಲೂ, ಯೆಲ್ಲೋ ಆಡುವವರಿಗೆ ಎಲ್ಲಿ ಲೆಕ್ಕ ಬೇರೆಯಾಗುತ್ತದೋ ಅಲ್ಲಲ್ಲೇ ಹೇಳುತ್ತೇನೆ.

ಆ ಮೂರು ಚೆಂಡುಗಳಲ್ಲಿರುವುದು ಗಿಡದ ಬಲ್ಬಸಾರ್, ನೀರಿನ ಸ್ಕ್ವರ್ಟಲ್, ಬೆಂಕಿಯ ಚಾರ್‌ಮ್ಯಾಂಡರ್. ಮೂರರಲ್ಲಿ ಯಾವುದನ್ನು ಆರಿಸಿದರೂ ಆಟ ಮುಗಿಸಬಹುದು. ಆದರೆ ಆ ಆಯ್ಕೆಯ ಮೊದಲ ಪರೀಕ್ಷೆ ಪ್ಯೂಟರ್ ಸಿಟಿಯ ಜಿಮ್‌ನಲ್ಲಿ ಕಾದಿದೆ. ಜಿಮ್ ಅಂದರೆ ಇಲ್ಲಿ ಕಾದಾಟದ ಅಖಾಡ, ಗೆದ್ದರೆ ಒಂದು ಬ್ಯಾಡ್ಜ್ ಸಿಗುತ್ತದೆ. ಅಲ್ಲಿನ ಒಡೆಯ ಬ್ರಾಕ್. ಮೊದಲು 12ನೇ ಲೆವೆಲ್ಲಿನ ಜಿಯೋಡ್ಯೂಡ್ ಅನ್ನು ಇಳಿಸುತ್ತಾನೆ. ಅದು ಎರಡು ತೋಳು ಮೂಡಿದ ಕಲ್ಲುಗುಂಡು. ಅದು ಬಿದ್ದ ಮೇಲೆ 14ನೇ ಲೆವೆಲ್ಲಿನ ಆನಿಕ್ಸ್ ಬರುತ್ತದೆ. ಗುಂಡುಗಳನ್ನೇ ಪೋಣಿಸಿ ಮಾಡಿದಂಥ ಹಾವು, ಉದ್ದ 8.8 ಮೀಟರ್, ತೂಕ 210 ಕಿಲೋ. ಈ ತೂಕವನ್ನು ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬಂಡೆಯನ್ನು ಮೊದಲು ನೋಡೋಣ

ಕೋಲಾರದಲ್ಲಿ ಬೆಳೆದವರಿಗೆ ಬಂಡೆ ಹೊಸದಲ್ಲ. ಅಂತರಗಂಗೆಯ ಮೆಟ್ಟಿಲು ಹತ್ತಿ, ದೇವಸ್ಥಾನ ದಾಟಿ ಮೇಲೆ ಹೋದರೆ ಗುಂಡಿನ ಮೇಲೆ ಗುಂಡು ಒರಗಿ ನಿಂತ ಗವಿಗಳು ಸಿಗುತ್ತವೆ. ಚಿಕ್ಕಂದಿನಲ್ಲಿ ಅಲ್ಲಿ ನುಸುಳುವಾಗೆಲ್ಲ ಈ ಕಲ್ಲುಗಳು ಒಮ್ಮೆ ಮೈಮುರಿದು ಎದ್ದರೆ ಏನು ಗತಿ ಅನ್ನಿಸುತ್ತಿತ್ತು. ಆನಿಕ್ಸ್ ಅನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ಆದದ್ದು ಅದೇ ಭಯ.

ಆದರೆ ಅದೇ ಬೆಟ್ಟ ಇನ್ನೊಂದನ್ನೂ ತೋರಿಸುತ್ತದೆ. ಅಷ್ಟು ದೊಡ್ಡ ಬಂಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತದೆ, ಕೆಳಗೆ ಕಲ್ಲು ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು ಬೀಳುತ್ತಿರುತ್ತದೆ. ಕಲ್ಲು ಸುತ್ತಿಗೆ ಏಟಿಗೆ ಜಗ್ಗದಿದ್ದರೂ ಬೇರಿಗೆ, ನೀರಿಗೆ ದಾರಿ ಕೊಡುತ್ತದೆ. ಈ ಆಟ ಮಾಡಿದವರು ಇಟ್ಟ ಲೆಕ್ಕವೂ ಅದೇ.

ಪ್ರತಿ ಪೋಕೆಮಾನ್‌ಗೆ, ಅದರ ಪ್ರತಿ ಮೂವ್‌ಗೆ (ಹೊಡೆತಕ್ಕೆ) ಒಂದು ಟೈಪ್, ಅಂದರೆ ಜಾತಿ ಇರುತ್ತದೆ. ಜಿಯೋಡ್ಯೂಡ್, ಆನಿಕ್ಸ್ ಎರಡಕ್ಕೂ ಎರಡೆರಡು ಟೈಪ್: ರಾಕ್ ಮತ್ತು ಗ್ರೌಂಡ್, ಅಂದರೆ ಕಲ್ಲು ಮತ್ತು ಮಣ್ಣು. ವಾಟರ್ ಮೂವ್‌ಗಳು ಕಲ್ಲಿನ ಮೇಲೆ ಎರಡು ಪಟ್ಟು, ಮಣ್ಣಿನ ಮೇಲೂ ಎರಡು ಪಟ್ಟು. ಒಟ್ಟು ನಾಲ್ಕು ಪಟ್ಟು ಏಟು. ಗ್ರಾಸ್ ಮೂವ್‌ಗಳದೂ ಇದೇ ಲೆಕ್ಕ. ಫೈಟಿಂಗ್ ಮತ್ತು ಸ್ಟೀಲ್ ಎರಡು ಪಟ್ಟು. ಫೈರ್, ನಾರ್ಮಲ್, ಫ್ಲೈಯಿಂಗ್ ಮೂವ್‌ಗಳಿಂದ ಅರ್ಧ ಏಟು ಮಾತ್ರ. ಎಲೆಕ್ಟ್ರಿಕ್ ತಾಗುವುದೇ ಇಲ್ಲ.

ಇಷ್ಟನ್ನು ಯಾವ ಹುಡುಗನಾದರೂ ಹೇಳಿಯಾನು. ಹೆಚ್ಚಿನವರು ಗಮನಿಸದೆ ಬಿಡುವುದು ಇದರ ಹಿಂದಿನ ಎರಡು ಅಂಕಿಗಳನ್ನು. ಆನಿಕ್ಸ್‌ನ ಮೂಲ ಡಿಫೆನ್ಸ್, ಅಂದರೆ ಗುದ್ದು, ಒದೆಗಳನ್ನು ತಡೆಯುವ ಶಕ್ತಿ, 160. ನೀರು, ಬೆಂಕಿಯಂಥ ಸ್ಪೆಶಲ್ ಏಟುಗಳನ್ನು ತಡೆಯುವ ಅದರ ಸ್ಪೆಶಲ್ ಡಿಫೆನ್ಸ್ ಬರೀ 45. ಬ್ರಾಕ್‌ನ ಆನಿಕ್ಸ್ ಇರುವ 14ನೇ ಲೆವೆಲ್ಲಿನಲ್ಲಿ ಲೆಕ್ಕ ಹಾಕಿದರೆ ಮೈಮೇಲೆ ಬೀಳುವ ಏಟಿಗೆ ಎದುರಾಗಿ ಸುಮಾರು 50 ಇದೆ, ಸ್ಪೆಶಲ್ ಏಟಿಗೆ ಎದುರಾಗಿ 20 ಕೂಡ ದಾಟುವುದು ಕಷ್ಟ. ಜೀವ ಸುಮಾರು 35. ಈ ಕಾಲದ ಆಟಗಳಲ್ಲಿ ಯಾವ ಮೂವ್ ಸ್ಪೆಶಲ್, ಯಾವುದು ಅಲ್ಲ ಎಂಬುದು ಅದರ ಟೈಪ್ ಮೇಲೇ ನಿಂತಿದೆ. ನೀರು, ಗಿಡ, ಬೆಂಕಿ, ಮಿಂಚು, ಮನಸ್ಸಿನ ಶಕ್ತಿಯ ಸೈಕಿಕ್, ಇವೆಲ್ಲ ಸ್ಪೆಶಲ್. ಗುದ್ದುವುದು, ಪರಚುವುದು, ಒದೆಯುವುದು ಸ್ಪೆಶಲ್ ಅಲ್ಲ.

ನಮ್ಮ ಕಡೆ ಕಲ್ಲು ಸೀಳುವವರು ಕೆಲಸ ಮಾಡುವುದನ್ನು ನೋಡಿದ್ದರೆ ಇದು ತಟ್ಟನೆ ಹೊಳೆಯುತ್ತದೆ. ಅವರು ಬಂಡೆಯ ನಡುಮೈಗೆ ಸುತ್ತಿಗೆ ಬೀಸುವುದಿಲ್ಲ. ಮೊದಲು ಕಲ್ಲಿನ ಎಳೆ ಎತ್ತ ಹೋಗಿದೆ ಎಂದು ನೋಡುತ್ತಾರೆ. ಆ ಗೆರೆಯಲ್ಲಿ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಒಂದೊಂದೇ ಏಟು ಹಾಕುತ್ತಾ ಹೋಗುತ್ತಾರೆ. ಆಮೇಲೆ ಅಷ್ಟು ದೊಡ್ಡ ಚಪ್ಪಡಿ ಗೆರೆ ಹಿಡಿದು ಬಿಟ್ಟುಕೊಳ್ಳುತ್ತದೆ. ಆನಿಕ್ಸ್‌ನ ಎಳೆ ಅದರ ಸ್ಪೆಶಲ್ ಡಿಫೆನ್ಸ್. ಯಾವ ಪೋಕೆಮಾನ್ ಆ ಗೆರೆಯಲ್ಲಿ ಬೆಣೆ ಇಡಬಲ್ಲದು ಎಂಬುದೇ ಇಲ್ಲಿನ ಪ್ರಶ್ನೆ.

ಯಾವುದರಿಂದ ಅಳೆಯುವುದು

ನಾನು ನಾಲ್ಕು ವಿಷಯ ನೋಡುತ್ತೇನೆ. ಬೇಕಾದ ಮೂವ್ ಎಷ್ಟನೇ ಲೆವೆಲ್ಲಿಗೆ ಕೈಗೆ ಬರುತ್ತದೆ? ಅದರಿಂದ ಆನಿಕ್ಸ್ ಎಷ್ಟು ಏಟಿಗೆ ಬೀಳುತ್ತದೆ? ಅಷ್ಟರೊಳಗೆ ಆನಿಕ್ಸ್ ಕೊಡುವ ಏಟನ್ನು ನಮ್ಮದು ತಡೆದುಕೊಳ್ಳುತ್ತದೆಯೇ? ಕೊನೆಯದಾಗಿ, ಬ್ರಾಕ್ ಆದ ಮೇಲೆ ಮುಂದೇನು? ಮೊದಲ ಜಿಮ್ ಸುಲಭವಾಗಲಿ ಎಂದು ಆರಿಸಿ, ಆರನೇ ಜಿಮ್‌ನಲ್ಲಿ ಕೈಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ.

ಇದರ ಜೊತೆಗೆ ಖರ್ಚಿನ ಮಾತಿದೆ. ಆಟ ಶುರುವಾಗುವಾಗ ಕೈಯಲ್ಲಿರುವ ಆಟದ ದುಡ್ಡು 3000. ಜೀವ ತುಂಬುವ ಔಷಧಿಯಾದ ಪೋಶನ್ ಒಂದಕ್ಕೆ 300, ಒಂದು ಪೋಕೆ ಬಾಲ್‌ಗೆ 200. ಪೋಕೆಮಾನ್‌ಗಳ ವಿವರ ದಾಖಲಿಸುವ ಪೋಕೆಡೆಕ್ಸ್ ಯಂತ್ರದ ಜೊತೆ ಓಕ್ 5 ಬಾಲ್ ಪುಕ್ಕಟೆ ಕೊಡುತ್ತಾರೆ, ಅದು ಫೈರ್‌ರೆಡ್‌ನ ಉಪಕಾರ. ದುಡ್ಡಿಗಿಂತ ದೊಡ್ಡ ಖರ್ಚು ಸಮಯ. ದಾರಿಯಲ್ಲಿ ಸಿಗುವ ವಿರಿಡಿಯನ್ ಕಾಡಿನಲ್ಲಿ ಹುಳುಗಳ ಜೊತೆ ಗುದ್ದಾಡಿ 8ರಿಂದ 13ಕ್ಕೆ ಏರುವುದು ಸಣ್ಣ ಕೆಲಸವಲ್ಲ, ಅದರಲ್ಲೂ ಬಸ್ಸಿನ ಅರ್ಧ ಗಂಟೆಯಲ್ಲಿ ಆಡುವವರಿಗೆ.

ಬಲ್ಬಸಾರ್

ಫೈರ್‌ರೆಡ್‌ನಲ್ಲಿ ಬಲ್ಬಸಾರ್ 7ನೇ ಲೆವೆಲ್ಲಿಗೆ ಲೀಚ್ ಸೀಡ್, 10ಕ್ಕೆ ವೈನ್ ವಿಪ್, ಅಂದರೆ ಬಳ್ಳಿಯ ಚಾಟಿ, ಕಲಿಯುತ್ತದೆ. ಎರಡನೆಯದೇ ಬೇಕಾದ ಬೆಣೆ. 12ನೇ ಲೆವೆಲ್ಲಿನ ಬಲ್ಬಸಾರ್ ಬೀಸಿದ ಒಂದೇ ಬಳ್ಳಿಗೆ ಆನಿಕ್ಸ್ ನೆಲ ಕಚ್ಚುತ್ತದೆ. ಜಿಯೋಡ್ಯೂಡ್ ಕೂಡ ಅಷ್ಟೇ. 10ನೇ ಲೆವೆಲ್ಲಿಗೇ ಹೋದರೂ ಒಂದೋ ಎರಡೋ ಏಟಿನ ಮಾತು.

ಆನಿಕ್ಸ್ ಇದಕ್ಕಿಂತ ವೇಗದ ಪ್ರಾಣಿ, ಮೊದಲ ಏಟು ಅದರದ್ದೇ. ಆದರೆ ಆನಿಕ್ಸ್‌ನ ಮೂಲ ಅಟ್ಯಾಕ್ 45 ಮಾತ್ರ, ಆಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಏಟು ತಿಂದು ನಿಲ್ಲುವ ಶಕ್ತಿ ಬಲ್ಬಸಾರ್‌ಗೆ ಧಾರಾಳವಾಗಿದೆ. ಹಾದಿಯಲ್ಲೂ ಒಂದು ಅನುಕೂಲ: ಪಾಯ್ಸನ್ ಟೈಪ್ ಕೂಡ ಆದ್ದರಿಂದ ಕಾಡಿನ ವೀಡಲ್ ಹುಳು ಕುಟುಕಿದರೆ ವಿಷ ಏರುವುದಿಲ್ಲ. ವಿಷ ಇಳಿಸುವ ಆಂಟಿಡೋಟ್‌ಗೆ ಹಾಕುವ ದುಡ್ಡು ಉಳಿಯಿತು.

ರೆಡ್, ಬ್ಲೂ ಆಡುವವರು ಗಮನಿಸಿ: ಅಲ್ಲಿ ವೈನ್ ವಿಪ್ 13ನೇ ಲೆವೆಲ್ಲಿಗೆ. ಅಂದರೆ ಕಾಡಿನಲ್ಲಿ ಇನ್ನಷ್ಟು ಸುತ್ತಬೇಕು.

ಸ್ಕ್ವರ್ಟಲ್

ಇದರ ಗುಣ ತಾಳ್ಮೆ. ಫೈರ್‌ರೆಡ್‌ನಲ್ಲಿ 7ಕ್ಕೆ ಬಬಲ್, 13ಕ್ಕೆ ವಾಟರ್ ಗನ್. ಬಬಲ್‌ನ ಶಕ್ತಿ 20 ಮಾತ್ರ, ಹೆಸರೇ ಹೇಳುವಂತೆ ನೊರೆ. ಆದರೂ ನಾಲ್ಕು ಪಟ್ಟಿನ ಲೆಕ್ಕದಲ್ಲಿ 12ನೇ ಲೆವೆಲ್ಲಿನ ಸ್ಕ್ವರ್ಟಲ್ ಎರಡು ಬಬಲ್‌ಗೆ ಆನಿಕ್ಸ್ ಅನ್ನು ಮಲಗಿಸುತ್ತದೆ. ವಾಟರ್ ಗನ್ ಬಂದ ಮೇಲೆ ಒಂದೇ ಸಾಕು.

ಬಲ್ಬಸಾರ್‌ಗಿಂತ ಒಂದು ಏಟು ಹೆಚ್ಚು ಬೇಕಾದರೂ ಬೆನ್ನ ಮೇಲಿನ ಚಿಪ್ಪು ಆ ಕೊರತೆ ತುಂಬುತ್ತದೆ. ಓಕ್ ಕೊಡುವ ಮೂರರಲ್ಲಿ ಡಿಫೆನ್ಸ್ ಹೆಚ್ಚಿರುವುದು ಇದಕ್ಕೇ. ಲೆವೆಲ್ ಏರಿಸಲು ಹೊತ್ತಿಲ್ಲ, 8ಕ್ಕೋ 9ಕ್ಕೋ ಜಿಮ್ ಬಾಗಿಲು ತಟ್ಟಬೇಕು ಅನ್ನುವವರಿಗೆ ಮೂರರಲ್ಲಿ ಧೈರ್ಯವಾಗಿ ನಂಬಬಹುದಾದದ್ದು ಸ್ಕ್ವರ್ಟಲ್. ಅಷ್ಟರೊಳಗೆ ಬಬಲ್ ಕೈಯಲ್ಲಿರುತ್ತದೆ, ಬಲ್ಬಸಾರ್ ಕೈಯಲ್ಲಿ ಬಳ್ಳಿ ಇನ್ನೂ ಇರುವುದಿಲ್ಲ.

ಚಾರ್‌ಮ್ಯಾಂಡರ್: ಇಲ್ಲಿ ಸ್ವಲ್ಪ ನಿಲ್ಲೋಣ

ನನ್ನನ್ನು ಕೇಳಿದ ಮೂವರಲ್ಲಿ ಇಬ್ಬರ ಮನಸ್ಸು ಇರುವುದು ಇದರ ಮೇಲೇ. ಬಾಲದ ತುದಿಯಲ್ಲಿ ಬೆಂಕಿ, ಮುಂದೆ ರೆಕ್ಕೆ ಬಿಚ್ಚುವ ಚಾರಿಜಾರ್ಡ್. ಬೇಡ ಅನ್ನಲು ಯಾರಿಗೂ ಮನಸ್ಸಾಗದು. ನಾನೂ ಮೊದಲು ಆರಿಸಿದ್ದು ಇದನ್ನೇ. ನನಗೆ ಸಿಕ್ಕಿದ್ದು ಅಂಗಡಿಯಿಂದ ತಂದ ನಕಲಿ ಕ್ಯಾಸೆಟ್, ಅದರಲ್ಲಿ ಸೇವ್ ಆಗುತ್ತಿರಲಿಲ್ಲ. ಆಫ್ ಮಾಡಿದರೆ ಮತ್ತೆ ಓಕ್ ಅವರ ಲ್ಯಾಬ್. ಹಾಗಾಗಿ ಒಂದೇ ಬೇಸಿಗೆ ರಜೆಯಲ್ಲಿ ಬ್ರಾಕ್‌ನ ಮುಂದೆ ಎಷ್ಟೋ ಸಲ ನಿಂತೆ. ಎಷ್ಟೋ ಸಲ ಸೋತೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಕಲಿತದ್ದು ಆ ಸೋಲುಗಳಿಂದ.

ಅಕ್ಕನ ಮಗ ಫೋನಿನಲ್ಲಿ ಒಂದು ವಾದ ಹೂಡಿದ. "ಮಾಮ, ತಾತ ಹೇಳ್ತಿದ್ರಲ್ಲ, ಹಾಸುಬಂಡೆ ಮೇಲೆ ಸೌದೆ ಹಾಕಿ ಬೆಂಕಿ ಹಚ್ಚಿದ್ರೆ ಕಲ್ಲು ಪದರ ಬಿಡುತ್ತೆ ಅಂತ? ಹಾಗಾದ್ರೆ ಚಾರ್‌ಮ್ಯಾಂಡರ್ ಬೆಂಕಿಗೆ ಆನಿಕ್ಸ್ ಯಾಕೆ ಒಡೆಯಲ್ಲ?" ಅವನು ಹೇಳಿದ್ದು ನಿಜ. ಕಾದ ಮೇಲ್ಪದರ ಹಿಗ್ಗಿ ಅಡಿಯ ತಣ್ಣನೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಹಿಂದೆ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಹಾಗೆ. ಆಟದ ಪಟ್ಟಿ ಮಾತ್ರ ಅದನ್ನು ಒಪ್ಪುವುದಿಲ್ಲ, ಬೆಂಕಿಗೆ ಕಲ್ಲಿನ ಮೇಲೆ ಅರ್ಧ ಬಲ ಎಂದುಬಿಟ್ಟಿದೆ.

ಆದರೂ ಹುಡುಗನ ಊಹೆಯಲ್ಲಿ ಒಂದು ಸತ್ಯ ಅಡಗಿದೆ. ಚಾರ್‌ಮ್ಯಾಂಡರ್ ಹಿಡಿದ ಹೊಸಬರು "ಬೆಂಕಿ ನಡೆಯಲ್ಲ" ಎಂದುಕೊಂಡು ಪರಚುವ ಮೂವ್ ಆದ ಸ್ಕ್ರ್ಯಾಚ್ ಒತ್ತುತ್ತಲೇ ಇರುತ್ತಾರೆ. ಅದೇ ದೊಡ್ಡ ತಪ್ಪು. 14ನೇ ಲೆವೆಲ್ಲಿನಲ್ಲಿ ಸ್ಕ್ರ್ಯಾಚ್ ಆನಿಕ್ಸ್‌ನಿಂದ ಕಿತ್ತುಕೊಳ್ಳುವುದು ಸುಮಾರು 2 ಅಂಕ. ಬೆಂಕಿಯ ಮೂವ್ ಎಂಬರ್ ಸುಮಾರು 7. ಎರಡೂ "ಅಷ್ಟಾಗಿ ತಾಗಲಿಲ್ಲ" ಎಂದೇ ಪರದೆ ತೋರಿಸುತ್ತದೆ. ಆದರೆ ಬೆಂಕಿ ಸ್ಪೆಶಲ್ ಆದ್ದರಿಂದ ಅದು ಬೀಳುವುದು ಆ 160ರ ಗೋಡೆಯ ಮೇಲಲ್ಲ, 45ರ ಬಿರುಕಿನಲ್ಲಿ. ಪರಚುತ್ತಾ ಕೂತರೆ ಹದಿನೈದಕ್ಕೂ ಹೆಚ್ಚು ಸರದಿ. ಎಂಬರ್ ಆದರೆ ಐದು.

ಫೈರ್‌ರೆಡ್ ಮಾಡುವಾಗ ಚಾರ್‌ಮ್ಯಾಂಡರ್‌ಗೆ ಒಂದು ಹೊಸ ಆಯುಧವನ್ನೂ ಕೊಟ್ಟರು: 13ನೇ ಲೆವೆಲ್ಲಿಗೆ ಮೆಟಲ್ ಕ್ಲಾ, ಉಕ್ಕಿನ ಉಗುರು. ಕಲ್ಲಿನ ಮೇಲೆ ಎರಡು ಪಟ್ಟು. ಎಲ್ಲರೂ ಇದನ್ನೇ ಕೊಂಡಾಡುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿ. ಇದು ಸ್ಪೆಶಲ್ ಅಲ್ಲ, ಗೋಡೆಯ ಮೇಲೆಯೇ ಬೀಳುತ್ತದೆ. ಹಾಗಾಗಿ ಆನಿಕ್ಸ್ ಮೇಲೆ ಇದರ ಫಲ ಸುಮಾರು 10 ಅಂಕ, ಎಂಬರ್‌ಗಿಂತ ಸ್ವಲ್ಪವೇ ಮೇಲು. ಐದು ಏಟಿನ ಬದಲು ನಾಲ್ಕು. ಜಿಯೋಡ್ಯೂಡ್ ಡಿಫೆನ್ಸ್ ಅಷ್ಟು ದೊಡ್ಡದಲ್ಲವಾದ್ದರಿಂದ ಅಲ್ಲಿ ಮೆಟಲ್ ಕ್ಲಾ ಚೆನ್ನಾಗಿ ನಡೆಯುತ್ತದೆ.

ತೊಂದರೆ ಇರುವುದು ಆ ನಾಲ್ಕು ಸರದಿ ಬದುಕಿರುವುದರಲ್ಲಿ. ಫೈರ್‌ರೆಡ್‌ನ ಆನಿಕ್ಸ್‌ಗೆ ರಾಕ್ ಟೂಂಬ್ ಎಂಬ ಕಲ್ಲಿನ ಮೂವ್ ಗೊತ್ತು. ಬೆಂಕಿಯ ಪೋಕೆಮಾನ್ ಮೇಲೆ ಅದು ಎರಡು ಪಟ್ಟು. 14ನೇ ಲೆವೆಲ್ಲಿನ ಚಾರ್‌ಮ್ಯಾಂಡರ್‌ಗೆ ಇರುವ ಜೀವ 37ರಷ್ಟು, ಒಂದು ರಾಕ್ ಟೂಂಬ್ ಅದರಲ್ಲಿ ಹೆಚ್ಚುಕಡಿಮೆ 28 ತಿಂದುಹಾಕುತ್ತದೆ. ಜೊತೆಗೆ ವೇಗವನ್ನೂ ಇಳಿಸುತ್ತದೆ. ನೂರಕ್ಕೆ ಎಂಬತ್ತು ಸಲ ಗುರಿ ತಾಗುತ್ತದೆ. ಪೋಶನ್ ಕುಡಿಸಿದರೆ ಮರುಸರದಿಯಲ್ಲೇ ಅಷ್ಟೂ ಹೋಗುತ್ತದೆ, ಒಂದು ಪೋಶನ್ ತುಂಬುವುದೇ 20. ಅಂಗಡಿಗೆ ದುಡ್ಡು ಸುರಿದಂತೆಯೇ ಹೊರತು ಗೆಲುವು ಬಾರದು.

ಹಳೆಯ ರೆಡ್, ಬ್ಲೂನಲ್ಲಿ ಈ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಮೆಟಲ್ ಕ್ಲಾ ಇಲ್ಲ, ಆದರೆ ಬ್ರಾಕ್‌ನ ಆನಿಕ್ಸ್‌ಗೆ ಕಲ್ಲಿನ ಒಂದು ಮೂವ್ ಕೂಡ ಇಲ್ಲ. 9ನೇ ಲೆವೆಲ್ಲಿಗೆ ಬರುವ ಎಂಬರ್ ಅನ್ನೇ ಒತ್ತುತ್ತಾ ಹೋಗಿ, ಗೆಲ್ಲಬಹುದು. ಒಂದೇ ಎಚ್ಚರ: ಆನಿಕ್ಸ್ ಬೈಡ್ ಮಾಡಿ ಸುಮ್ಮನೆ ಕೂತಾಗ ಹೊಡೆಯಬೇಡಿ. ತಿಂದ ಏಟನ್ನೆಲ್ಲ ಕೂಡಿಸಿ ಎರಡು ಪಟ್ಟು ವಾಪಸ್ ಕೊಡುತ್ತದೆ. ಅದು ಮುಗಿಯುವವರೆಗೆ ಏಟು ಕೊಡದ ಗ್ರೌಲ್ ಒತ್ತುತ್ತಾ ಇರಿ.

ಹಾಗಾದರೆ ಫೈರ್‌ರೆಡ್‌ನಲ್ಲಿ ಚಾರ್‌ಮ್ಯಾಂಡರ್ ಹಿಡಿದವರಿಗೆ ಎರಡು ದಾರಿ. ಒಂದು, 16ಕ್ಕೆ ಏರಿಸಿ ಅದರ ಬೆಳೆದ ರೂಪವಾದ ಚಾರ್‌ಮೀಲಿಯನ್ ಮಾಡಿಕೊಂಡೇ ಹೋಗುವುದು. ಆಗ ಮೆಟಲ್ ಕ್ಲಾ ಮೂರು ಏಟಿಗೆ ಕೆಲಸ ಮುಗಿಸುತ್ತದೆ, ಎರಡು ರಾಕ್ ಟೂಂಬ್ ತಿಂದರೂ ಸಾಮಾನ್ಯವಾಗಿ ಕಾಲ ಮೇಲೆ ನಿಂತಿರುತ್ತದೆ. ಆದರೆ ಹುಳುಗಳ ಕಾಡಿನಲ್ಲಿ 16 ಅಂದರೆ ಸಂಜೆಗಳೇ ಕಳೆದುಹೋಗುತ್ತವೆ. ಎಂಬರ್‌ಗೆ ಹುಳುಗಳು ಬೇಗ ಸುಡುತ್ತವೆ ಎಂಬುದೊಂದೇ ಸಮಾಧಾನ. ಎರಡನೇ ದಾರಿಯೇ ನನಗೆ ಇಷ್ಟವಾದದ್ದು.

ಜೊತೆಗೊಂದು ಕೋತಿ

ವಿರಿಡಿಯನ್ ಸಿಟಿಯಿಂದ ಉತ್ತರಕ್ಕೆ, ಕಾಡಿನ ಕಡೆ ಹೋಗುವ ಮೊದಲು ಪಶ್ಚಿಮಕ್ಕೆ ತಿರುಗಿ. ಅಲ್ಲಿ ರೂಟ್ 22. ಹುಲ್ಲಿನಲ್ಲಿ ಸುತ್ತಿದರೆ ಮ್ಯಾಂಕಿ ಸಿಗುತ್ತದೆ. ಸಿಟ್ಟಿನ ಕೋತಿ, ಫೈಟಿಂಗ್ ಟೈಪ್. ಅಂತರಗಂಗೆಗೆ ತೆಂಗಿನಕಾಯಿ ಹಿಡಿದು ಹೋದವರಿಗೆ ಈ ಮುಖ ಚೆನ್ನಾಗಿ ಪರಿಚಯವಿರುತ್ತದೆ.

ಮ್ಯಾಂಕಿಗೆ ಬೇಗನೆ ಬರುವ ಮೂವ್ ಲೋ ಕಿಕ್, ಕಾಲಿಗೆ ಒದ್ದು ಕೆಡವುವುದು. ಫೈರ್‌ರೆಡ್‌ನಲ್ಲಿ ಅದರ ಬಲ ಎದುರಾಳಿಯ ತೂಕಕ್ಕೆ ತಕ್ಕಂತೆ. 10 ಕಿಲೋ ಒಳಗಿನವರ ಮೇಲೆ ಬರೀ 20. 200 ಕಿಲೋ ಮುಟ್ಟಿದವರ ಮೇಲೆ 120. ಆನಿಕ್ಸ್ 210 ಕಿಲೋ ಎಂದು ಮೊದಲೇ ಹೇಳಿದ್ದೆ! ತನ್ನ ಭಾರವೇ ಅದಕ್ಕೆ ಮುಳುವು. 160ರ ಗೋಡೆ ಇದ್ದರೂ 12ನೇ ಲೆವೆಲ್ಲಿನ ಮ್ಯಾಂಕಿಯ ಒಂದು ಒದೆಗೆ 30ರಷ್ಟು ಹೋಗುತ್ತದೆ, ಇನ್ನೊಂದಕ್ಕೆ ಮುಗಿಯಿತು. 20 ಕಿಲೋ ತೂಗುವ ಜಿಯೋಡ್ಯೂಡ್ ಮೇಲೆ ಬಲ 40 ಮಾತ್ರ, ಆದರೂ ಎರಡೇ ಒದೆ. ಇನ್ನೂ ಒಳ್ಳೆಯದೆಂದರೆ ಕಲ್ಲಿನ ಮೂವ್‌ಗಳು ಫೈಟಿಂಗ್ ಟೈಪಿಗೆ ಅರ್ಧವೇ ತಾಗುತ್ತವೆ.

ಖರ್ಚು? ಓಕ್ ಕೊಟ್ಟ 5 ಬಾಲ್‌ಗಳಲ್ಲಿ ಒಂದು, ಲೆವೆಲ್ ಏರಿಸಲು ಒಂದಷ್ಟು ಹೊತ್ತು. ರೂಟ್ 22ರಲ್ಲಿ ನಿಮ್ಮ ಎದುರಾಳಿ ಹುಡುಗನೂ ಕಾದಿರುತ್ತಾನೆ. ನೀವು ಚಾರ್‌ಮ್ಯಾಂಡರ್ ಹಿಡಿದಿದ್ದರೆ ಅವನ ಬಳಿ ಸ್ಕ್ವರ್ಟಲ್. ಕೈಲಾಗದು ಅನ್ನಿಸಿದರೆ ಅವನಿರುವ ಕಡೆ ಹೋಗದೆ ಹುಲ್ಲಿನಲ್ಲೇ ತಿರುಗಾಡಿ ವಾಪಸ್ ಬನ್ನಿ. ಯೆಲ್ಲೋದಲ್ಲೂ ಮ್ಯಾಂಕಿ ಇದೇ ರೂಟ್ 22ರಲ್ಲಿದೆ. ರೆಡ್‌ನಲ್ಲಿ ಬ್ರಾಕ್‌ಗಿಂತ ಮೊದಲು ಸಿಗುವುದಿಲ್ಲ.

ಇನ್ನೊಂದು ಸಹಾಯ ಬಟರ್‌ಫ್ರೀ. ಕಾಡಿನಲ್ಲಿ ಕ್ಯಾಟರ್‌ಪಿ ಹುಳು ಹಿಡಿದರೆ 7ಕ್ಕೆ ಗೂಡು ಕಟ್ಟಿ 10ಕ್ಕೆ ಚಿಟ್ಟೆಯಾಗುತ್ತದೆ, ಆಗಲೇ ಕನ್‌ಫ್ಯೂಶನ್ ಎಂಬ ಸೈಕಿಕ್ ಮೂವ್ ಕಲಿಯುತ್ತದೆ (ರೆಡ್, ಬ್ಲೂನಲ್ಲಿ 12ಕ್ಕೆ). ಅದೂ ಸ್ಪೆಶಲ್, ಬಿರುಕಿನಲ್ಲೇ ಬೀಳುತ್ತದೆ. ಬ್ರಾಕ್‌ನ ಜಿಯೋಡ್ಯೂಡ್‌ಗೆ ಕಲ್ಲೆಸೆಯಲು ಬರುವುದಿಲ್ಲವಾದ್ದರಿಂದ ಅದರ ಎದುರು ಚಿಟ್ಟೆಯನ್ನು ನಿಶ್ಚಿಂತೆಯಿಂದ ಬಿಡಬಹುದು. ಆನಿಕ್ಸ್ ಬಂದ ಕೂಡಲೇ ಹಿಂದಕ್ಕೆ ಕರೆಸಿ. ಹುಳು ಮತ್ತು ಹಾರುವ ಜಾತಿ ಎರಡೂ ಸೇರಿ ರಾಕ್ ಟೂಂಬ್ ನಾಲ್ಕು ಪಟ್ಟು ಬೀಳುತ್ತದೆ.

ಮಿಂಚಿನ ಪೋಕೆಮಾನ್ ಪಿಕಾಚು ಬಗ್ಗೆಯೂ ಒಂದು ಮಾತು. ಟಿವಿಯಲ್ಲಿ ಪಿಕಾಚು ಆನಿಕ್ಸ್‌ಗೆ ನೀರು ಬಿದ್ದ ಮೇಲೆ ಶಾಕ್ ಕೊಟ್ಟದ್ದನ್ನು ನೋಡಿ ಬೆಳೆದವರು ಆಟದಲ್ಲೂ ಅದನ್ನೇ ಪ್ರಯತ್ನಿಸುತ್ತಾರೆ. ಆಟದಲ್ಲಿ ಮಣ್ಣಿನ ಟೈಪಿಗೆ ಶಾಕ್ ತಾಗುವುದೇ ಇಲ್ಲ, ನೀರು ಬಿದ್ದಿರಲಿ ಬಿಡಲಿ. ಪಿಕಾಚುವಿನಿಂದಲೇ ಶುರುವಾಗುವ ಯೆಲ್ಲೋದಲ್ಲಿ ಬ್ರಾಕ್‌ನ ಲೆವೆಲ್ 10 ಮತ್ತು 12ಕ್ಕೆ ಇಳಿಸಿದ್ದಾರೆ. ಆದರೂ ಮ್ಯಾಂಕಿ ಇಲ್ಲದೆ ಹೋಗಬೇಡಿ.

ಬ್ರಾಕ್ ಆದ ಮೇಲೆ

ಎರಡನೇ ಜಿಮ್ ಮಿಸ್ಟಿಯದು, ನೀರಿನದು. ಅವಳ 21ನೇ ಲೆವೆಲ್ಲಿನ ಸ್ಟಾರ್ಮಿ ಬ್ರಾಕ್‌ನ ಆನಿಕ್ಸ್‌ಗಿಂತ ದೊಡ್ಡ ತಲೆನೋವು. ಇಲ್ಲೂ ಬಲ್ಬಸಾರ್ ಸಲೀಸು, ಚಾರ್‌ಮ್ಯಾಂಡರ್‌ಗೆ ಮತ್ತೆ ಕಷ್ಟ. ಫೈರ್‌ರೆಡ್‌ನವರು ರೂಟ್ 24ರಲ್ಲಿ ಆಡಿಶ್, ಲೀಫ್‌ಗ್ರೀನ್‌ನವರು ಬೆಲ್‌ಸ್ಪ್ರೌಟ್ (ಎರಡೂ ಗಿಡದ ಪೋಕೆಮಾನ್) ಹಿಡಿದುಕೊಂಡರೆ ದಾರಿ ಕಾಣುತ್ತದೆ. ಮೂರನೆಯದು ಮಿಂಚಿನ ಜಿಮ್, ನಾಲ್ಕನೆಯದು ಗಿಡಗಳದು. ಸ್ಕ್ವರ್ಟಲ್ ಆರಿಸಿದವರಿಗೆ ಬಿಸಿ ತಾಗುವುದು ಇಲ್ಲಿ. ಗಿಡಗಳ ಜಿಮ್‌ನಲ್ಲಿ ಕೊನೆಗೂ ಬೆಂಕಿಯವರಿಗೆ ಹಬ್ಬ. ಮುಂದೆ ಸಬ್ರೀನಾಳ ಸೈಕಿಕ್ ಜಿಮ್‌ನಲ್ಲಿ ಬಲ್ಬಸಾರ್‌ನ ವಂಶಕ್ಕೆ ಅದರ ಪಾಯ್ಸನ್ ಗುಣವೇ ತೊಂದರೆ. ಬ್ಲೇನ್‌ನ ಜಿಮ್‌ನ ಬೆಂಕಿಗೂ ಅದು ಒಣಹುಲ್ಲು.

ಆದರೆ ಕಲ್ಲು ಬ್ರಾಕ್‌ಗೇ ಮುಗಿಯುವುದಿಲ್ಲ ಎಂಬುದನ್ನು ಆರಿಸುವ ಮೊದಲೇ ತಿಳಿದಿರಿ. ಮೌಂಟ್ ಮೂನ್‌ನ ಗವಿಯಲ್ಲಿ ಜಿಯೋಡ್ಯೂಡ್, ರಾಕ್ ಟನಲ್‌ನ ಕತ್ತಲಲ್ಲಿ ಜಿಯೋಡ್ಯೂಡ್ ಜೊತೆ ಆನಿಕ್ಸ್ ಕೂಡ. ಕೊನೆಗೆ ಎಲೀಟ್ ಫೋರ್‌ನ, ಅಂದರೆ ಜಿಮ್‌ಗಳೆಲ್ಲ ಆದ ಮೇಲೆ ಎದುರಾಗುವ ನಾಲ್ವರ ಪೈಕಿ, ಬ್ರೂನೋ ಒಂದಲ್ಲ, ಎರಡು ಆನಿಕ್ಸ್ ಇಳಿಸುತ್ತಾನೆ. ಆ ಹೊತ್ತಿಗೆ ಸ್ಕ್ವರ್ಟಲ್ ಬ್ಲಾಸ್ಟಾಯ್ಸ್ ಆಗಿ ಬೆಳೆದು, ಅಲೆ ಎಬ್ಬಿಸುವ ಮತ್ತು ನೀರು ದಾಟಿಸುವ ಸರ್ಫ್ ಕಲಿತಿರುತ್ತದೆ, ಎರಡನ್ನೂ ಒಂದೊಂದೇ ಅಲೆಗೆ ಕೊಚ್ಚಿಬಿಡುತ್ತದೆ. ಚಾರಿಜಾರ್ಡ್ ಮಾತ್ರ ಬೆಂಕಿಯ ಜೊತೆ ರೆಕ್ಕೆಯನ್ನೂ ಪಡೆದು ಕಲ್ಲಿನಿಂದ ನಾಲ್ಕು ಪಟ್ಟು ಏಟು ತಿನ್ನುವ ಸ್ಥಿತಿಗೆ ಬಂದಿರುತ್ತದೆ. ಅದರ ಬದಲಿಗೆ ಊರಿಂದೂರಿಗೆ ಹಾರಿಸಿಕೊಂಡು ಹೋಗುವ ಫ್ಲೈ ಅದಕ್ಕೆ ಬರುತ್ತದೆ, ಫೈರ್‌ರೆಡ್‌ನಲ್ಲಿ. ಹಳೆಯ ರೆಡ್, ಬ್ಲೂನಲ್ಲಿ ಅದಕ್ಕೆ ಆ ಭಾಗ್ಯವೂ ಇರಲಿಲ್ಲ.

ಯಾರಿಗೆ ಯಾವುದು

ನರಸಾಪುರದ ಬಸ್ಸಿನವರಿಗೆ ನಾನು ಹೇಳಿದ್ದು ಬಲ್ಬಸಾರ್. ಅವರಿಗೆ ಸಿಗುವುದು ಅರ್ಧ ಗಂಟೆ, ಒಂದೇ ಜಾಗದಲ್ಲಿ ಸುತ್ತಿ ಲೆವೆಲ್ ಏರಿಸುವ ಬೇಸರ ಅವರಿಗೆ ಬೇಡ. 10ಕ್ಕೆ ಬಳ್ಳಿ ಬಂದರೆ ಬ್ರಾಕ್ ಆಯಿತು, ಅದೇ ಬಳ್ಳಿಯಲ್ಲಿ ಮಿಸ್ಟಿಯೂ ಆಗುತ್ತಾಳೆ. ಮೊದಲ ಎರಡು ಬ್ಯಾಡ್ಜ್ ಬೇಗ ಬಂದರೆ ಆಟದ ರುಚಿ ಹತ್ತುತ್ತದೆ. ಮುಂದಿನ ಕಷ್ಟಕ್ಕೆ ಅಷ್ಟರಲ್ಲಿ ಬೇರೆ ಪೋಕೆಮಾನ್‌ಗಳು ಕೈಗೆ ಬಂದಿರುತ್ತವೆ.

ಕೊನೆಯವರೆಗೆ ಆಡಲು ಕೂತ ಬಂಗಾರಪೇಟೆಯ ಹುಡುಗಿಗೆ ಸ್ಕ್ವರ್ಟಲ್ ಹೇಳಿದೆ. ಕಲ್ಲಿನ ಶತ್ರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅದೇ ಉತ್ತರ. ಸರ್ಫ್ ಆಟದ ಉದ್ದಕ್ಕೂ ಬೇಕಾದದ್ದು, ಅದಕ್ಕೆಂದು ತಂಡದಲ್ಲಿ ಬೇರೊಂದು ಜಾಗ ಕೊಡಬೇಕಾಗಿಲ್ಲ. ಮೂರು, ನಾಲ್ಕನೇ ಜಿಮ್‌ಗಳಿಗೆ ಮಾತ್ರ ಮೊದಲೇ ಬೇರೆ ಯಾರನ್ನಾದರೂ ಬೆಳೆಸಿಡಬೇಕು. ಅವಳು ಆ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅಕ್ಕನ ಮಗನಿಗೂ ಬಲ್ಬಸಾರ್ ಅನ್ನಬೇಕಿತ್ತು. ಅವನಿಗೆ ತಾಳ್ಮೆ ಕಡಿಮೆ, ಸೋತರೆ ಆಟವನ್ನೇ ಬಿಟ್ಟುಬಿಡುವ ವಯಸ್ಸು. ಆದರೆ ಚಾರ್‌ಮ್ಯಾಂಡರ್ ಹೆಸರು ಹೇಳುವಾಗಿನ ಅವನ ದನಿ ಕೇಳಿ ಬೇರೆ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಇಷ್ಟವಿಲ್ಲದ ಪೋಕೆಮಾನ್ ಜೊತೆ ಇಡೀ ಆಟ ನಡೆಯುವುದಕ್ಕಿಂತ, ಇಷ್ಟವಾದದ್ದಕ್ಕೆ ಒಂದು ಕೋತಿಯನ್ನು ಜೊತೆ ಮಾಡುವುದು ಲೇಸು. ಆದ್ದರಿಂದ ಅವನಿಗೆ ಹೇಳಿದ್ದು ಇಷ್ಟು: ಚಾರ್‌ಮ್ಯಾಂಡರ್ ತಗೋ. ಕಾಡಿಗೆ ಹೋಗೋ ಮುಂಚೆ ಪಶ್ಚಿಮಕ್ಕೆ ಹೋಗಿ ಮ್ಯಾಂಕಿ ಹಿಡಿ. ಅದನ್ನ 12ಕ್ಕೆ ತಾ. ಎರಡೇ ಪೋಶನ್ ಕೊಂಡ್ಕೋ, ಮಿಕ್ಕ ದುಡ್ಡು ಇಟ್ಕೋ. ಜಿಮ್ ಬಾಗಿಲ ಹೊರಗೆ ಸೇವ್ ಮಾಡು. ಒಳಗಿರೋ ಹುಡುಗನ ಜಿಯೋಡ್ಯೂಡ್, ಸ್ಯಾಂಡ್‌ಶ್ರೂ ಮುಗಿಸಿ ಹೊರಗೆ ಬಂದು ಪೋಕೆಮಾನ್ ಸೆಂಟರ್‌ನಲ್ಲಿ ಎಲ್ಲರಿಗೂ ಜೀವ ತುಂಬಿಸು. ಆಮೇಲೆ ಮ್ಯಾಂಕಿನ ಮೊದಲ ಸ್ಥಾನಕ್ಕೆ ಹಾಕಿ ಬ್ರಾಕ್ ಹತ್ರ ಹೋಗು.

ಭಾನುವಾರ ರಾತ್ರಿ ಒಂದು ಫೋಟೋ ಬಂತು. ಪರದೆಯ ಮೇಲೆ ಬೌಲ್ಡರ್ ಬ್ಯಾಡ್ಜ್, ಪಕ್ಕದಲ್ಲಿ ಅವನ ಹೆಬ್ಬೆರಳು. ಕೆಳಗೆ ಬರೆದಿದ್ದ: "ಮಾಮ, ಕೊನೇ ಒದೆ ಕೋತಿದು. ಆದ್ರೆ ಜಿಯೋಡ್ಯೂಡ್‌ನ ಚಾರ್‌ಮ್ಯಾಂಡರ್ರೇ ಮುಗ್ಸಿದ್ದು, ಮೆಟಲ್ ಕ್ಲಾದಲ್ಲಿ. ಈಗ ಮಿಸ್ಟಿಗೆ ಏನು ಮಾಡ್ಲಿ?"